ಅಜ್ಜಿಯ ಕೈಗೆ ಸ್ಲೇಟು, ಮೊಮ್ಮಗನ ಬಾಯಿಗೆ ಒಡಪು

ಅಕ್ಟೋಬರ್ 1 ವಿಶ್ವ ಹಿರಿಯ ನಾಗರಿಕರ ದಿನ. ವಿಶ್ವಸಂಸ್ಥೆ 1990ರ ಡಿಸೆಂಬರ್‌ನಲ್ಲಿ ಗೊತ್ತುಮಾಡಿದ ಈ ದಿನದಂದು ನಮ್ಮ ಊರುಗಳಲ್ಲೂ ಸಭೆ ನಡೆಯುತ್ತದೆ. ಶಾಲೆಯ ಮಕ್ಕಳಿಂದ ಪ್ರಾರ್ಥನೆ ಹಾಡಿಸುತ್ತಾರೆ. ವೇದಿಕೆಯಲ್ಲಿ ಕೂತ ಐದಾರು ಹಿರಿಯರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲುತ್ತವೆ. ತಂದೆತಾಯಿಯ ಋಣದ ಬಗ್ಗೆ ಭಾಷಣ ಆಗುತ್ತದೆ. ಊಟ ಮುಗಿದ ಮೇಲೆ ಮಕ್ಕಳು ಒಂದು ದಿಕ್ಕಿಗೆ ಹೊರಟರೆ ಹಿರಿಯರು ಇನ್ನೊಂದು ದಿಕ್ಕಿಗೆ. ಹಾಡಿದ ಹುಡುಗಿಯೂ ಶಾಲು ಹೊದ್ದ ಅಜ್ಜನೂ ಒಂದು ಮಾತಾದರೂ ಆಡಿಕೊಳ್ಳಲು ಆ ಕಾರ್ಯಕ್ರಮದಲ್ಲಿ ಜಾಗವೇ ಇರುವುದಿಲ್ಲ.

ಗೌರವಿಸುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಎಳೆಯರು ಮತ್ತು ಹಿರಿಯರು ಹತ್ತಿರ ಬರುವುದು ಸನ್ಮಾನದಿಂದಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ನಿಜವಾಗಿ ಏನೋ ಆಗಬೇಕಾಗಿರುವಾಗ ಅವರು ಹತ್ತಿರ ಬರುತ್ತಾರೆ. ಕಲಿಯಬೇಕಾದ ಪದ ಇರಬೇಕು, ಓದಿಸಿಕೊಳ್ಳಬೇಕಾದ ಕಾಗದ ಇರಬೇಕು, ಕಟ್ಟಬೇಕಾದ ಗೆಜ್ಜೆ ಇರಬೇಕು. ಕಡೂರು ತಾಲ್ಲೂಕಿನ ಯಗಟಿ ಸೀಮೆಯನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ವಿಸ್ತರಿಸಬೇಕೆನಿಸುತ್ತದೆ. ಏಕೆಂದರೆ ಇಲ್ಲಿ ಹಳೆಯ ಕಾಲದ ಕೂಡುತಾಣಗಳ ನೆನಪು ಇನ್ನೂ ಆರಿಲ್ಲ, ಹೊಸ ಕಾಲದ ತಾಣಗಳು ಆಗಲೇ ಬಂದಿವೆ. ಎರಡನ್ನೂ ಜೋಡಿಸುವವರು ಬೇಕಾಗಿದ್ದಾರೆ.

ಬಸ್‌ಸ್ಟ್ಯಾಂಡಿನ ಎರಡು ಗುಂಪು

ಚಿಕ್ಕಮಗಳೂರು ಎಂದರೆ ಹೊರಗಿನವರಿಗೆ ಕಾಫಿ, ಮಂಜು, ಮಳೆ. 1947ರವರೆಗೆ ಇಡೀ ಜಿಲ್ಲೆಗೆ ಹೆಸರು ಕೊಟ್ಟಿದ್ದ ಕಡೂರಿನ ಬಯಲು ಆ ಚಿತ್ರದಲ್ಲಿ ಬರುವುದಿಲ್ಲ. ಯಗಟಿ ಆ ಬಯಲಿನ ಹೋಬಳಿ ಕೇಂದ್ರ. ರಾಗಿ, ತೆಂಗು, ಬತ್ತುವ ಬೋರ್‌ವೆಲ್, ಭದ್ರಾ ಮೇಲ್ದಂಡೆಯ ನೀರಿನ ದೀರ್ಘ ನಿರೀಕ್ಷೆ ಇವೇ ಇಲ್ಲಿನ ದಿನನಿತ್ಯದ ಮಾತು. ಓದು ಮುಗಿಸಿದ ಹುಡುಗ ಹುಡುಗಿಯರು ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಹತ್ತಿದರೆ ಬೆಂಗಳೂರು. ತೋಟ ನೋಡಿಕೊಂಡು ಊರಲ್ಲಿ ಉಳಿಯುವವರು ಅಪ್ಪ ಅಮ್ಮ, ಅಜ್ಜ ಅಜ್ಜಿ.

2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನರಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ 60 ದಾಟಿದವರಾಗಿದ್ದರು. ದೇಶದ ಸರಾಸರಿಗಿಂತ ಇದು ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಹುಟ್ಟುವವರು ಕಡಿಮೆ, ಬಾಳುವವರ ಆಯಸ್ಸು ಹೆಚ್ಚು, ದುಡಿಯುವ ವಯಸ್ಸಿನವರು ಊರಾಚೆ. ಈ ಮೂರೂ ಸೇರಿದರೆ ಬಯಲುಸೀಮೆಯ ಹಳ್ಳಿಯ ಮನೆ ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಹಿಂದೆ ಒಂದೇ ಹಜಾರದಲ್ಲಿ ಮೂರು ತಲೆಮಾರು ಮಲಗುತ್ತಿತ್ತು. ಅಲ್ಲಿ ಯಾವ ಕಾರ್ಯಕ್ರಮವೂ ಬೇಕಿರಲಿಲ್ಲ. ಈಗ ಮೊಮ್ಮಕ್ಕಳು ಬೇಸಿಗೆ ರಜೆಗೆ ಬರುತ್ತಾರೆ. ಅಥವಾ ಅಜ್ಜಿಯೇ ಶಕ್ತಿ ಯೋಜನೆಯ ಉಚಿತ ಬಸ್ಸು ಹತ್ತಿ ಅವರಿದ್ದಲ್ಲಿಗೆ ಹೋಗಿ ನೋಡಿಕೊಂಡು ಬರುತ್ತಾಳೆ.

ಹಾಗೆಂದು ಊರಿನಲ್ಲಿ ಎಳೆಯರೇ ಇಲ್ಲವೆಂದಲ್ಲ. ಹೋಬಳಿ ಊರಿಗೆ ಸುತ್ತಲ ಹಳ್ಳಿಗಳಿಂದ ಮಕ್ಕಳು ಓದಲು ಬರುತ್ತಾರೆ. ಹಿರಿಯರೂ ಬರುತ್ತಾರೆ. ಬ್ಯಾಂಕು, ನಾಡಕಚೇರಿ, ಪಡಿತರ, ಔಷಧಿ, ಸಂತೆ ಹೀಗೆ ಅವರಿಗೂ ನೂರು ಕೆಲಸ. ಬೆಳಗ್ಗೆ ಒಂದೇ ಬಸ್ಸಿನಲ್ಲಿ ಎರಡೂ ಗುಂಪು ಇಳಿಯುತ್ತದೆ, ಸಂಜೆ ಒಂದೇ ನಿಲ್ದಾಣದಲ್ಲಿ ಎರಡೂ ಗುಂಪು ಕಾಯುತ್ತದೆ. ಒಂದು ಗುಂಪಿನ ಕಣ್ಣು ಫೋನಿನಲ್ಲಿ, ಇನ್ನೊಂದರದ್ದು ರಸ್ತೆಯಲ್ಲಿ. ಎಳೆಯರೂ ಹಿರಿಯರೂ ಕೂಡುವ ಕಾರ್ಯಕ್ರಮಕ್ಕೆ ಬೇಕಾದ ಜನರೆಲ್ಲ ದಿನವೂ ಅಲ್ಲಿ ಜಮಾಯಿಸಿರುತ್ತಾರೆ.

ಇವರಿಬ್ಬರ ನಡುವೆ ಈಗಾಗಲೇ ಒಂದು ವ್ಯವಹಾರ ಶುರುವಾಗಿದೆ. ಯಾರೂ ಅದನ್ನು ಯೋಜಿಸಲಿಲ್ಲ. ‘ನನ್ ದುಡ್ಡು ಬಂದೈತಾ ನೋಡಪ್ಪ’ ಎಂದು ಅಜ್ಜಿ ಫೋನನ್ನು ಮುಂದೆ ಹಿಡಿಯುತ್ತಾಳೆ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ, 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ, ಎಲ್ಲವೂ ಖಾತೆಗೆ ನೇರ ಜಮೆ. ಬಂದದ್ದು ತಿಳಿಯುವುದು ಮೆಸೇಜಿನಿಂದ, ಅದೂ ಹೆಚ್ಚಿನ ಸಲ ಇಂಗ್ಲಿಷಿನಲ್ಲಿ. ಆಧಾರ್ ಜೋಡಣೆ, ಇ-ಕೆವೈಸಿ, ಒಟಿಪಿ ಮುಂತಾದವು ಹಿರಿಯರ ಬದುಕಿನ ಬಾಗಿಲಿಗೆ ಹಾಕಿದ ಹೊಸ ಚಿಲಕಗಳು. ಅವನ್ನು ತೆಗೆಯಬಲ್ಲವರು ಹದಿನೈದು ಹದಿನೆಂಟರ ಮಕ್ಕಳು. ಇದು ದಾನವೂ ಅಲ್ಲ, ಸೇವೆಯೂ ಅಲ್ಲ, ನಿತ್ಯದ ಅಗತ್ಯ. ಆದ್ದರಿಂದಲೇ ಇಲ್ಲಿಂದ ಶುರುಮಾಡುವುದು ಸರಿ.

ಇದರಲ್ಲಿ ಅಪಾಯವೂ ಇದೆ. ಯಾರದೋ ಕೈಗೆ ಫೋನು ಕೊಟ್ಟು, ಕೇಳಿದವರಿಗೆಲ್ಲ ಒಟಿಪಿ ಹೇಳಿ ಹಣ ಕಳೆದುಕೊಂಡ ಮುದುಕರು ಎಲ್ಲ ಊರಿನಲ್ಲೂ ಇದ್ದಾರೆ. ಹಾಗಾಗಿ ದಾರಿಯಲ್ಲಿ ಸಿಕ್ಕವರನ್ನು ಕೇಳುವ ಬದಲು, ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿ, ಗೊತ್ತಾದ ಹೊತ್ತಿನಲ್ಲಿ, ಗ್ರಂಥಪಾಲಕರೋ ಮೇಷ್ಟ್ರೋ ಎದುರಿಗಿದ್ದಾಗ ಈ ಕೆಲಸ ನಡೆಯಬೇಕು. ಮೆಸೇಜು ಓದಿ ಹೇಳುವುದರ ಜತೆಗೆ, ಒಟಿಪಿಯನ್ನು ಯಾರಿಗೂ ಹೇಳಬಾರದು, ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಆ ಮಕ್ಕಳೇ ಮನವರಿಕೆ ಮಾಡಿಕೊಡಲಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಅನ್ನೂ ಫೋನಿನಲ್ಲಿ ಉಳಿಸಿಕೊಡಲಿ.

ಅಂಥ ಜಾಗ ಇದೆಯೇ? ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ ಅವುಗಳಿಗೆ ಹೊಸ ಜೀವ ಬಂತು, ‘ಅರಿವು ಕೇಂದ್ರ’ ಎಂಬ ಹೊಸ ಹೆಸರೂ ಬಂತು. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ರಾಜ್ಯದಲ್ಲಿ ಇಂಥ ಕೇಂದ್ರಗಳು 5 ಸಾವಿರಕ್ಕೂ ಹೆಚ್ಚು. ಅನೇಕ ಕಡೆ ಕಂಪ್ಯೂಟರ್ ಇದೆ, ಕೂರಲು ಕುರ್ಚಿ ಇದೆ, ದಿನಪತ್ರಿಕೆ ಬರುತ್ತದೆ. ಮಕ್ಕಳಿಗಾಗಿ ತೆರೆದ ಬಾಗಿಲನ್ನು ಅಜ್ಜ ಅಜ್ಜಿಯರಿಗಾಗಿಯೂ ತೆರೆಯಲು ಹೊಸ ಕಟ್ಟಡ ಬೇಡ, ಹೊಸ ಆದೇಶಕ್ಕೂ ಕಾಯಬೇಕಿಲ್ಲ.

ತನ್ನ ಹಾಡನ್ನೇ ಓದಲಿ

ಅಕ್ಷರದ ಕಥೆ ಇನ್ನೂ ಹಳೆಯದು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 90ರ ದಶಕದಲ್ಲಿ ಲಾಟೀನು ಹಿಡಿದು ಕೇರಿಕೇರಿಗೆ ಹೋಗಿ ಕಲಿಸಿದ ಸ್ವಯಂಸೇವಕರಲ್ಲಿ ಬಹುಪಾಲು ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರೇ. ಹಗಲೆಲ್ಲ ಕೂಲಿ ಮಾಡಿ ಬಂದ ಹೆಂಗಸರು ರಾತ್ರಿ ಸ್ಲೇಟಿನ ಮೇಲೆ ತಮ್ಮ ಹೆಸರು ಬರೆದರು. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಸಹಿ ಹಾಕಿತು. ಆ ಆಂದೋಲನ ಸೋತಿತೆಂದು ಈಗ ಹಗುರವಾಗಿ ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಸೋತದ್ದು ಅದರ ಮುಂದಿನ ಹೆಜ್ಜೆ. ಹೆಸರು ಬರೆಯಲು ಕಲಿತವರಿಗೆ ಓದಲು ಏನಿತ್ತು? ಕಲಿಕಾ ಪುಸ್ತಕದ ಪಾಠ ಮುಗಿದ ಮೇಲೆ ಕೈಗೆ ಸಿಗುವ, ಮನಸ್ಸಿಗೆ ಹತ್ತುವ ಪುಸ್ತಕ ಊರಿನಲ್ಲಿ ಇರಲಿಲ್ಲ. ಬಳಸದ ಅಕ್ಷರ ಮರೆತುಹೋಯಿತು.

ಈಗ 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿದೆ. ಅದರ ಹೆಸರು ‘ಉಲ್ಲಾಸ್’. ಹದಿನೈದು ದಾಟಿದ ಅನಕ್ಷರಸ್ಥರಿಗೆ ಸ್ವಯಂಸೇವಕರು ಕಲಿಸಬೇಕು, ಅವರಲ್ಲಿ ವಿದ್ಯಾರ್ಥಿಗಳೂ ಇರಬೇಕು ಎಂಬುದು ಇದರ ತಿರುಳು. ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆಯೂ ಉಂಟು. 2011ರ ಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಸಾಕ್ಷರತೆ ಶೇ 79ರಷ್ಟಿತ್ತು. ಹಿಂದುಳಿದವರು ಯಾರೆಂದು ನೋಡಿದರೆ ಬಯಲಿನ ಹಳ್ಳಿಗಳ ವಯಸ್ಸಾದ ಹೆಣ್ಣುಮಕ್ಕಳ ಮುಖವೇ ಮೊದಲು ಕಾಣುತ್ತದೆ.

ವಯಸ್ಸಾದ ಮೇಲೆ ಕಲಿಯುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ನಮ್ಮ ಅಕ್ಕಪಕ್ಕದಲ್ಲೇ ಇದೆ. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ 2018ರಲ್ಲಿ ತಮ್ಮ 96ನೇ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಹಳ್ಳಿಯಲ್ಲಿ 2016ರ ಮಹಿಳಾ ದಿನದಂದು ಅಜ್ಜಿಯರಿಗಾಗಿಯೇ ಒಂದು ಶಾಲೆ ತೆರೆದರು. ಗುಲಾಬಿ ಬಣ್ಣದ ಸೀರೆಯುಟ್ಟು, ಚೀಲ ಹೆಗಲಿಗೇರಿಸಿಕೊಂಡು ಅಜ್ಜಿಯರು ಹೋಗುತ್ತಿದ್ದರು. ಮನೆಗೆ ಬಂದ ಮೇಲೆ ಹೋಂವರ್ಕ್ ಮಾಡಿಸಲು ಮೊಮ್ಮಕ್ಕಳು. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗ ತನ್ನ ಅಜ್ಜಿಗೆ ‘ಅ’ ತಿದ್ದಿಸುವಾಗ ಮೊದಲ ಸಲ ಗುರುವಾಗುತ್ತಾನೆ. ಆ ಹುಡುಗನಿಗೂ ಅದರಿಂದ ಆಗುವ ಲಾಭವನ್ನು ಯಾವ ಅಂಕಪಟ್ಟಿಯಲ್ಲಿ ಬರೆಯಬೇಕೋ ತಿಳಿಯದು, ಆದರೆ ಲಾಭ ಮಾತ್ರ ದೊಡ್ಡದು.

ನನ್ನ ಸೂಚನೆ ಒಂದಿದೆ. ಈ ಸೀಮೆಯ ಅಜ್ಜಿಯರಿಗೆ ಸೋಬಾನೆ ಪದ ಗೊತ್ತು. ರಾಗಿ ಬೀಸುವ ಪದ, ತೊಟ್ಟಿಲ ಪದ, ಹಸೆಗೆ ಕರೆಯುವ ಪದ, ಆರತಿ ಪದ ಎಲ್ಲವೂ ನಾಲಿಗೆ ತುದಿಯಲ್ಲಿವೆ. ಈಗ ಮದುವೆಮನೆಯಲ್ಲಿ ಸೌಂಡ್ ಸಿಸ್ಟಂ ಹಾಡುತ್ತದೆ, ಬೀಸುವ ಕೆಲಸ ಫ್ಲೋರ್‌ಮಿಲ್‌ಗೆ ಹೋಗಿದೆ. ಹಾಡುವ ಸಂದರ್ಭವೇ ಇಲ್ಲದೆ ಪದಗಳು ಅಜ್ಜಿಯರ ಜತೆ ಹೋಗುತ್ತಿವೆ. ಮೊಮ್ಮಗಳು ಆ ಪದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ದೊಡ್ಡ ಅಕ್ಷರದಲ್ಲಿ ಬರೆದುಕೊಡಲಿ. ಅಜ್ಜಿ ಓದು ಕಲಿಯುವ ಮೊದಲ ಪುಸ್ತಕ ಅದೇ ಆಗಲಿ. ಮುಂದಿನ ಶಬ್ದ ಯಾವುದೆಂದು ಅವಳಿಗೆ ಮೊದಲೇ ಗೊತ್ತಿರುವುದರಿಂದ ಅಕ್ಷರ ಬೇಗ ಪರಿಚಯವಾಗುತ್ತದೆ. ಬರೆಯುವ ಹುಡುಗಿಗೆ ಹಾಡು ದಕ್ಕುತ್ತದೆ, ಓದುವ ಅಜ್ಜಿಗೆ ಅಕ್ಷರ ದಕ್ಕುತ್ತದೆ. ಸಾಕ್ಷರತಾ ಆಂದೋಲನದಲ್ಲಿ ಕಲಿತವರಿಗೆ ಮುಂದೆ ಓದಲು ಏನೂ ಇಲ್ಲದೆ ಬಿದ್ದ ಅಂತರವನ್ನು ಅವರವರ ಬಾಯಲ್ಲಿರುವ ಸಾಹಿತ್ಯದಿಂದಲೇ ತುಂಬಿಸಬಹುದು. ಇದಕ್ಕೆ ಬೇಕಾದ ಖರ್ಚು ಒಂದು ನೋಟ್‌ಬುಕ್ಕು, ಒಂದು ಮಾರ್ಕರ್ ಪೆನ್ನು.

ಸುಗ್ಗಿ ಮುಗಿದ ಮೇಲಿನ ರಾತ್ರಿಗಳು

ಎಳೆಯರನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹಳೇ ಮೈಸೂರಿನ ಬಯಲು ತಾಲ್ಲೂಕುಗಳಲ್ಲಿ ಬಾಳಿ ಬಂದ ಮೂಡಲಪಾಯ ಯಕ್ಷಗಾನವನ್ನೇ ತೆಗೆದುಕೊಳ್ಳಿ. ಕರಾವಳಿಯ ಯಕ್ಷಗಾನದಂತೆ ಇದಕ್ಕೆ ವೃತ್ತಿ ಮೇಳಗಳ ಬಲ ಇರಲಿಲ್ಲ. ಊರಿನ ರೈತರೇ ವೇಷ ಕಟ್ಟಬೇಕು. ಒಕ್ಕಣೆ ಮುಗಿದು ಕೈ ಬಿಡುವಾದ ಮೇಲೆ ಭಾಗವತರನ್ನು ಕರೆಸಿ, ಯಾವ ಪ್ರಸಂಗ ಎಂದು ನಿಶ್ಚಯಿಸಿ, ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ. ಓದು ಬಾರದ ಹುಡುಗನಿಗೆ ಭಾಗವತರು ಬಾಯಿಪಾಠ ಮಾಡಿಸಬೇಕು, ಹೆಜ್ಜೆ ತಪ್ಪಿದರೆ ತಾಳದ ಪೆಟ್ಟಿನಿಂದಲೇ ತಿದ್ದಬೇಕು. ಕಳೆದ ಸಲ ಅರ್ಜುನನಾಗಿದ್ದವನು ಈಗ ಮಗನಿಗೆ ಆ ಪಾತ್ರ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತು ನೋಡಬೇಕು. ಕಿರೀಟ, ಭುಜಕೀರ್ತಿ ಹೊತ್ತು ಬೆಳಗಿನವರೆಗೆ ಕುಣಿಯುವ ಹುಡುಗನ ಹಿಂದೆ ಊರಿನ ಹಿರಿಯರ ಒಂದು ಪಡೆಯೇ ಇರುತ್ತಿತ್ತು. ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಇದರ ಬಗ್ಗೆ ಬರೆದು ನಾಡಿನ ಗಮನ ಸೆಳೆಯದಿದ್ದರೆ ಈ ಕಲೆಗೆ ಹೊರಗಿನ ಲೋಕದಲ್ಲಿ ಹೆಸರೂ ಇರುತ್ತಿರಲಿಲ್ಲ.

ವೀರಗಾಸೆಯೂ ಹಾಗೆಯೇ. ಚಿಕ್ಕಮಗಳೂರು ಜಿಲ್ಲೆಯ ವೀರಗಾಸೆ ತಂಡಗಳಿಗೆ ರಾಜ್ಯದಲ್ಲೆಲ್ಲ ಬೇಡಿಕೆ ಇದೆ. ಹೆಣ್ಣುಮಕ್ಕಳ ತಂಡಗಳೂ ಬಂದಿವೆ. ಮೆರವಣಿಗೆಯಲ್ಲಿ ನಮಗೆ ಕಾಣುವುದು ಬಿಳಿ ಚೌರಿ, ಎದೆಹಲಗೆ, ಗಗ್ಗರ, ಕತ್ತಿ ಹಿಡಿದ ಆವೇಶದ ಕುಣಿತ. ಕೇಳಬೇಕಾದದ್ದು ನಡುವೆ ಕುಣಿತ ನಿಲ್ಲಿಸಿ ಹೇಳುವ ಒಡಪು. ದಕ್ಷಯಜ್ಞದ ಕಥೆಯನ್ನು ಒಂದೇ ಉಸಿರಿಗೆ, ಏರುಧ್ವನಿಯಲ್ಲಿ, ಪ್ರಾಸ ತಪ್ಪದಂತೆ ಹೇಳುವ ಆ ಗದ್ಯ ಪುಸ್ತಕದಿಂದ ಬರುವುದಿಲ್ಲ, ಹೇಳಬಲ್ಲ ಹಿರಿಯನ ಬಾಯಿಂದ ಬರುತ್ತದೆ. ಇಂದು ಕುಣಿಯುವ ಹುಡುಗರು ಸಿಗುತ್ತಾರೆ, ಒಡಪು ಪೂರ್ತಿ ಬಲ್ಲವರು ವಿರಳ. ಮೆರವಣಿಗೆ ಅವಸರದ್ದಾದ್ದರಿಂದ ಒಡಪಿಗೆ ಪುರುಸೊತ್ತೂ ಇಲ್ಲ. ಹತ್ತು ನಿಮಿಷದ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಹೆಜ್ಜೆ ಸಾಕು, ಮಾತು ಬೇಡ ಎಂದು ಸಂಘಟಕರು ಹೇಳುವಾಗ ಹಿರಿಯ ಕಲಾವಿದ ಮನೆಯಲ್ಲೇ ಉಳಿಯುತ್ತಾನೆ. ಸರ್ಕಾರದ ಗುರು–ಶಿಷ್ಯ ಪರಂಪರೆ ತರಬೇತಿಗಳು ಈ ಕೊರತೆಯನ್ನು ಅರಿತೇ ಹುಟ್ಟಿದವು. ಹಿರಿಯ ಕಲಾವಿದನಿಗೆ ಗೌರವಧನ, ಕಲಿಯುವವರಿಗೆ ಭತ್ಯೆ ಕೊಟ್ಟು ಕಲಿಸುವ ಕ್ರಮ ಅದು. ಎಳೆಯರನ್ನೂ ಹಿರಿಯರನ್ನೂ ಜೋಡಿಸುವ ಯೋಜನೆಗಳಲ್ಲಿ ನನಗೆ ಅತ್ಯಂತ ಸರಿಯೆನಿಸುವುದು ಇದೇ. ಇಲ್ಲಿ ಹಿರಿಯ ದಯೆಗೆ ಪಾತ್ರನಲ್ಲ, ಸಂಬಳ ಪಡೆಯುವ ಗುರು. ಸಂಖ್ಯೆ ಮಾತ್ರ ತೀರ ಕಡಿಮೆ.

ಇನ್ನು ಜೈಮಿನಿ ಭಾರತದ ಓದು. ಕವಿ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಇದೇ ಕಡೂರು ತಾಲ್ಲೂಕಿನದು. ವಾರ್ಧಕ ಷಟ್ಪದಿಯಲ್ಲಿರುವ ಅವನ ಜೈಮಿನಿ ಭಾರತವನ್ನು ಊರ ಗುಡಿಯಲ್ಲಿ, ಜಗಲಿಯಲ್ಲಿ ರಾಗವಾಗಿ ಓದಿಸಿ ಅರ್ಥ ಹೇಳಿಸುವ ಪದ್ಧತಿ ಹಳೇ ಮೈಸೂರಿನ ಊರೂರಿನಲ್ಲೂ ಇತ್ತು. ಕಣ್ಣು ಚುರುಕಾದ, ಕಂಠ ಚೆನ್ನಾಗಿರುವ ಹುಡುಗ ಓದುವುದು, ಬಲ್ಲ ಹಿರಿಯರು ಅರ್ಥ ಬಿಡಿಸುವುದು. ಒಬ್ಬನ ಕಣ್ಣು, ಇನ್ನೊಬ್ಬರ ಅನುಭವ. ಒಂದಿಲ್ಲದೆ ಇನ್ನೊಂದು ನಡೆಯದು.

ಆ ಕಾವ್ಯದ ಕಥೆಗಳನ್ನು ನೆನೆದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಬಭ್ರುವಾಹನ ಕಾಣಿಕೆ ಹಿಡಿದು ತಂದೆಯ ಬಳಿ ಬಂದರೆ ಅರ್ಜುನ ಅವನನ್ನು ಹೀಯಾಳಿಸುತ್ತಾನೆ. ಮಗ ಯುದ್ಧ ಮಾಡಿ ತಂದೆಯನ್ನು ಕೆಡಹುತ್ತಾನೆ, ಮತ್ತೆ ಅವನೇ ಬದುಕಿಸಿಕೊಳ್ಳಲು ಪರದಾಡುತ್ತಾನೆ. ಕುಶ ಲವರು ತಂದೆಯೆಂದು ತಿಳಿಯದೆ ರಾಮನ ಸೇನೆಯನ್ನು ಎದುರಿಸುತ್ತಾರೆ. ಯುದ್ಧಕ್ಕೆ ತಡವಾಗಿ ಬಂದ ಸುಧನ್ವನನ್ನು ಅವನ ತಂದೆ ಹಂಸಧ್ವಜನೇ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ತಬ್ಬಲಿ ಚಂದ್ರಹಾಸನನ್ನು ಮುಗಿಸಲು ಹಿರಿಯ ಮಂತ್ರಿ ದುಷ್ಟಬುದ್ಧಿ ಮತ್ತೆ ಮತ್ತೆ ಹೊಂಚುತ್ತಾನೆ. ಎಳೆಯರನ್ನು ಹಿರಿಯರು ಗುರುತಿಸದೆ ಹೋದರೆ ಏನಾಗುತ್ತದೆ ಎಂಬುದೇ ಈ ಕಥೆಗಳಲ್ಲಿ ಮರಳಿ ಮರಳಿ ಬರುತ್ತದೆ. ಅಪ್ಪಂದಿರೂ ಮಕ್ಕಳೂ ಒಂದೇ ದೀಪದ ಸುತ್ತ ಕೂತು ಇದನ್ನು ಕೇಳುತ್ತಿದ್ದರು. ಮನೆಯಲ್ಲಿ ಆಡಲಾಗದ ಮಾತನ್ನು ಕಾವ್ಯ ಅವರಿಬ್ಬರ ಪರವಾಗಿ ಆಡುತ್ತಿತ್ತು. ದೇವನೂರಿನ ತಾಲ್ಲೂಕಿನಲ್ಲಿ ತಿಂಗಳಿಗೆ ಒಂದು ಸಂಜೆಯಾದರೂ ಪಿಯುಸಿ ಹುಡುಗಿಯೊಬ್ಬಳು ಓದಿ, ನಿವೃತ್ತ ಮೇಷ್ಟ್ರೊಬ್ಬರು ಅರ್ಥ ಹೇಳಿ, ಕೇಳಿದವರು ಚರ್ಚಿಸುವಂತಾದರೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮ ಯಾವುದಿದೆ?

ಊರಿನ ನೆನಪನ್ನು ಯಾರು ಬರೆಯಬೇಕು

ಕಲೆ, ಕಾವ್ಯ ಮಾತ್ರವಲ್ಲ. ಅಕ್ಕಡಿ ಸಾಲಿನಲ್ಲಿ ರಾಗಿಯ ಜತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹೇಗೆ ಹಾಕುತ್ತಿದ್ದರು, ಯಾವ ಮಳೆಗೆ ಯಾವ ಬಿತ್ತನೆ, ಕೆರೆ ತೂಬಿನ ನೀರನ್ನು ನೀರಗಂಟಿ ಹೇಗೆ ಹಂಚುತ್ತಿದ್ದ, ಕಾವಲಿನ ಹುಲ್ಲು ಯಾವ ತಿಂಗಳಲ್ಲಿ ದನಕ್ಕೆ ಮೇಲು ಇವೆಲ್ಲ ಎಪ್ಪತ್ತು ದಾಟಿದವರ ತಲೆಯಲ್ಲಿವೆ. ಕಡೂರು, ತರೀಕೆರೆ, ಅಜ್ಜಂಪುರದ ಕಾವಲುಗಳು ಅಮೃತಮಹಲ್ ತಳಿಯನ್ನು ಬೆಳೆಸಿದ ನೆಲ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಈಗಲೂ ಇದೆ. ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲಾಯಿತು. ಅಮೃತಮಹಲ್ ದನಗಳ ಹಿಂದೆ ಓಡಾಡಿದವರ ತಿಳಿವಳಿಕೆಯನ್ನು ಬರೆದಿಡುವವರು ಯಾರು?

ಕಾನೂನಿನಲ್ಲಿ ಉತ್ತರವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಆ ಕಾಯ್ದೆ ಬರುವ ಮೊದಲೇ, 90ರ ದಶಕದಲ್ಲಿ, ಮಾಧವ ಗಾಡ್ಗೀಳರು ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಹಿರಿಯರನ್ನು ಕೇಳಿ ದಾಖಲಿಸುವ ಈ ಕ್ರಮವನ್ನು ರೂಪಿಸಿದ್ದರು. ಆದರೆ ದಾಖಲಾತಿ ಮುಗಿಸುವ ಗಡುವು ಹತ್ತಿರ ಬಂದಾಗ ಎಷ್ಟೋ ಕಡೆ ಇದನ್ನು ಅವಸರದಲ್ಲಿ, ಊರಿನವರ ಜತೆ ಕೂರದೆಯೇ ಮುಗಿಸಲಾಯಿತು. ದಾಖಲೆ ಸಿದ್ಧವಾಯಿತು, ಅದರ ನೆಪದಲ್ಲಿ ಆಗಬೇಕಿದ್ದ ಮಾತುಕತೆ ಆಗಲಿಲ್ಲ. ಈ ದಾಖಲೆ ಕಾಲಕಾಲಕ್ಕೆ ಪರಿಷ್ಕರಣೆಯಾಗಬೇಕಾದದ್ದು. ಹಾಗಾಗಿ ಅವಕಾಶ ಇನ್ನೂ ಕೈಬಿಟ್ಟಿಲ್ಲ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರದಲ್ಲಿ ಚರಂಡಿ ಸ್ವಚ್ಛಗೊಳಿಸುವುದರ ಜತೆಗೆ ದಿನಕ್ಕೆ ಎರಡು ಗಂಟೆ ಒಂದೊಂದು ಮನೆಯ ಜಗಲಿಯಲ್ಲಿ ಕೂತು ಕೇಳಿ ಬರೆಯುವ ಕೆಲಸ ಸೇರಲಿ.

ಇಲ್ಲಿ ಒಂದು ಎಚ್ಚರ ಬೇಕು. ಹಳೆಯದೆಲ್ಲ ಒಳ್ಳೆಯದಾಗಿರಲಿಲ್ಲ. ಜೈಮಿನಿ ಓದುವ ಜಗಲಿಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳಿದರು, ದಲಿತರು ಅಂಗಳದಾಚೆ ನಿಂತರು. ಹಿರಿಯರೆದುರು ಎಳೆಯರು ಬಾಯಿ ತೆರೆಯಬಾರದು ಎಂಬ ಕಟ್ಟಳೆಯೂ ಜತೆಗಿತ್ತು. ಹೊಸದಾಗಿ ಕಟ್ಟುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳದಿದ್ದರೆ ಹಿರಿಯರು ಎಂದು ಕರೆಯುವಾಗ ಊರ ಯಜಮಾನರನ್ನಷ್ಟೇ ಕರೆಯುತ್ತೇವೆ. ಹಲಗೆ ಬಡಿಯುವ ಲಯ ಬಲ್ಲ ತಾತ, ಸೂಲಗಿತ್ತಿಯಾಗಿದ್ದ ಅಜ್ಜಿ, ಕುರಿ ಕಾಯ್ದು ಕಾವಲಿನ ಸೊಪ್ಪುಗಳನ್ನೆಲ್ಲ ಗುರುತಿಸುವಾತ ಮೊದಲ ಸಾಲಿನಲ್ಲಿ ಕೂರಬೇಕು. ಸಭೆ ಸೇರುವ ಜಾಗ ಎಲ್ಲ ಕೇರಿಯವರೂ ಹಿಂಜರಿಕೆಯಿಲ್ಲದೆ ಬರುವಂಥದ್ದಾಗಿರಬೇಕು. ಸರ್ಕಾರದ ಗ್ರಂಥಾಲಯವನ್ನೋ ಶಾಲೆಯನ್ನೋ ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಪ್ರಶ್ನೆ ಕೇಳುವ ಸ್ವಾತಂತ್ರ್ಯ ಎಳೆಯರಿಗೆ ಇರಲೇಬೇಕು. ಇಲ್ಲದಿದ್ದರೆ ಅವರು ಎರಡನೇ ಸಲ ಬರುವುದಿಲ್ಲ.

ಹೊರಗಿನ ಲೋಕದಲ್ಲಿ ಈ ಬಗೆಯ ಪ್ರಯೋಗ ಅನೇಕ ನಡೆದಿವೆ. ನೆದರ್ಲೆಂಡ್ಸ್‌ನ ಡೆವೆಂಟರ್ ಊರಿನ ಹ್ಯುಮಾನಿಟಾಸ್ ವೃದ್ಧಾಶ್ರಮದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದ ಕೋಣೆ ಕೊಡುತ್ತಾರೆ. ಬದಲಿಗೆ ಅವರು ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿ ಇರಬೇಕು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಿವೃತ್ತರು ವಾರಕ್ಕೆ 15 ಗಂಟೆ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓದಿಸಿದರು, ಅದರಿಂದ ಆ ನಿವೃತ್ತರ ಆರೋಗ್ಯಕ್ಕೂ ಒಳಿತಾದದ್ದನ್ನು ಸಂಶೋಧಕರು ದಾಖಲಿಸಿದರು. ನನಗೆ ಹೆಚ್ಚು ಹತ್ತಿರವೆನಿಸುವುದು ಜಿಂಬಾಬ್ವೆಯದು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಆ ದೇಶದಲ್ಲಿ ಡಾ. ಡಿಕ್ಸನ್ ಚಿಬಾಂಡ ಅವರು 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಮನಸ್ಸು ಕುಗ್ಗಿದವರು ಬಂದು ಅಜ್ಜಿಯ ಪಕ್ಕದಲ್ಲಿ ಕೂತು ಹೇಳಿಕೊಳ್ಳುತ್ತಾರೆ. ಇದರಿಂದ ಖಿನ್ನತೆಯ ಲಕ್ಷಣಗಳು ಇಳಿದದ್ದನ್ನು 2016ರಲ್ಲಿ ವೈದ್ಯಕೀಯ ನಿಯತಕಾಲಿಕವೊಂದು ಪ್ರಕಟಿಸಿದ ಅಧ್ಯಯನ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್‌ನಲ್ಲಿ ವಯೋಭೇದದ ಬಗ್ಗೆ ವರದಿ ಕೊಟ್ಟಾಗ ಕಾನೂನು ಮತ್ತು ಶಿಕ್ಷಣದ ಜತೆ ಮೂರನೆಯ ಪರಿಹಾರವಾಗಿ ಹೇಳಿದ್ದು ತಲೆಮಾರುಗಳ ನಡುವಿನ ಒಡನಾಟವನ್ನು. ಪರೀಕ್ಷೆಯಲ್ಲಿ ನಪಾಸಾದ, ಬೆಂಗಳೂರಿನಲ್ಲಿ ಕೆಲಸ ಸಿಗದೆ ಮರಳಿದ ಹುಡುಗ ನಮ್ಮ ಊರುಗಳಲ್ಲೂ ಇದ್ದಾನೆ. ಅವನಿಗೆ ಕಿವಿಗೊಡಬಲ್ಲ, ಬರಗಾಲವನ್ನೂ ಸಾಲವನ್ನೂ ದಾಟಿ ಬಂದ ಅಜ್ಜಿಯೂ ಅದೇ ಬೀದಿಯಲ್ಲಿದ್ದಾಳೆ.

2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಅದು ಬೇಕು, ಅನೇಕರ ಪಾಲಿಗೆ ಅದೇ ಕೊನೆಯ ಆಸರೆ. ಆದರೆ ಸಂಜೆ ಐದು ಗಂಟೆಗೆ ಜಗಲಿಗೆ ಬಂದು ‘ತಾತ, ಇವತ್ತು ಏನ್ ಹೇಳ್ತೀಯಾ?’ ಎಂದು ಕೇಳುವ ಹುಡುಗನನ್ನು ಕಾಯ್ದೆ ತಂದುಕೊಡಲಾರದು. ಅದನ್ನು ಊರೇ ಮಾಡಿಕೊಳ್ಳಬೇಕು.

ಆದ್ದರಿಂದ ಯಗಟಿಯ, ಹಾಗೆಯೇ ಕಡೂರು, ತರೀಕೆರೆ, ಅಜ್ಜಂಪುರದ ಎಲ್ಲ ಪಂಚಾಯಿತಿಗಳ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ. ವಾರಕ್ಕೆ ಎರಡು ಸಂಜೆ ಅರಿವು ಕೇಂದ್ರ ಹಿರಿಯರಿಗೂ ವಿದ್ಯಾರ್ಥಿಗಳಿಗೂ ಒಟ್ಟಿಗೆ ತೆರೆದಿರಲಿ. ಒಂದು ಸಂಜೆ ಫೋನು, ಕಾಗದಪತ್ರ, ಅಕ್ಷರ. ಇನ್ನೊಂದು ಸಂಜೆ ಪದ, ಒಡಪು, ಓದು. ಕತ್ತಲಾದ ಮೇಲೆ ಹಿರಿಯರು ನಡೆದು ಬರಲಾರರು, ಆದ್ದರಿಂದ ಹೊತ್ತು ಮುಳುಗುವ ಮೊದಲೇ ಮುಗಿಸಿ. ಕಲಿಸುವ ಹಿರಿಯ ಕಲಾವಿದರಿಗೆ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಸಣ್ಣದಾದರೂ ಗೌರವಧನ ಕೊಡಿ. ಕಾಲೇಜುಗಳ ಎನ್‌ಎಸ್‌ಎಸ್ ಅಧಿಕಾರಿಗಳು ಇದನ್ನು ವರ್ಷದ ಕೆಲಸವಾಗಿ ಕೈಗೆತ್ತಿಕೊಳ್ಳಲಿ. ಮಕ್ಕಳು ಬರೆದ ಹಾಡುಗಳ ನೋಟ್‌ಬುಕ್ಕುಗಳನ್ನು ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕಗಳ ಸಾಲಿನಲ್ಲೇ ಇಡಿ, ಹಾಡಿದವರ ಹೆಸರು ಮೇಲೆ ಬರೆಯಿರಿ. ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವ ಈ ಸೀಮೆಯವರು ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಮಕ್ಕಳನ್ನು ಅಜ್ಜಿಯ ಹತ್ತಿರ ಕೂರಿಸಿ, ಕೈಗೊಂದು ಪೆನ್ನು ಕೊಡಿ. ಬರುವ ಅಕ್ಟೋಬರ್ 1ರಂದು ಶಾಲು ಹೊದಿಸುವ ಮೊದಲು ಆ ನೋಟ್‌ಬುಕ್ಕಿನಿಂದ ಒಂದು ಪದವನ್ನು ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಹಾಡಲು ವೇದಿಕೆಯಲ್ಲಿ ಜಾಗ ಮಾಡಿಕೊಡಿ.